ಹೊಂಗೆಕೊಪ್ಪ ಕೆರೆಯ ಮೂರು ಕಲ್ಲುಗಳು

2025ರ ಮೇ 12, ಸೋಮವಾರ. ಬೆಳಿಗ್ಗೆ 10.40ಕ್ಕೆ ಸೊರಬ ಪೊಲೀಸ್ ಠಾಣೆಗೆ ಬಂದ ದೂರನ್ನು ಹೆಡ್ ಕಾನ್‌ಸ್ಟೆಬಲ್ ಕೆಂಪಪ್ಪ ಎರಡು ಬಾರಿ ಓದಿದರು. ಚಿನ್ನ, ಬೈಕು, ಅಡಿಕೆ, ಕೊಟ್ಟಿಗೆಯ ಎಮ್ಮೆ, ಇವೆಲ್ಲ ಕಳುವಾದ ದೂರುಗಳನ್ನು ಅವರು ತಮ್ಮ ಸೇವಾವಧಿಯಲ್ಲಿ ಕಂಡಿದ್ದರು. ಕಲ್ಲು ಕಳುವಾದ ದೂರು ಇದೇ ಮೊದಲು.

ದೂರು ತಂದವರು ತೀರ್ಥೇಶ್, ನೀರಾವರಿ ಕಾಮಗಾರಿಯ ಕಿರಿಯ ಇಂಜಿನಿಯರ್. ಜಡೆ ರಸ್ತೆಯಲ್ಲಿರುವ ಹೊಂಗೆಕೊಪ್ಪದ ಕೆರೆಯ ಹೂಳೆತ್ತಿ ಆಳ ಮಾಡಿ, ಮಳೆಗಾಲದಲ್ಲಿ ನದಿಯಿಂದ ಏತ ನೀರಾವರಿಯ ನೀರು ತುಂಬಿಸುವ ಯೋಜನೆ ಅದು. ಎಲ್ಲಿಯವರೆಗೆ ಅಗೆಯಬೇಕು ಎಂಬುದನ್ನು ಸರ್ವೆ ಮಾಡಿಸಿ ಸುತ್ತಲೂ ಗಡಿಕಲ್ಲು ನೆಡಿಸಿದ್ದರು. ಈಗ ಪೂರ್ವದ ಬದಿಯ ಮೂರು ಕಲ್ಲುಗಳಿಲ್ಲ. ಮೇ 31ರೊಳಗೆ ಕೆಲಸ ಮುಗಿಯಬೇಕು. ಕಲ್ಲಿಲ್ಲದೆ ಯಂತ್ರ ಇಳಿಸಿದರೆ ನಾಳೆ ಆ ಪಕ್ಕದ ರೈತರು ಮೊಕದ್ದಮೆ ಹೂಡುತ್ತಾರೆ.

ಸಬ್ ಇನ್‌ಸ್ಪೆಕ್ಟರ್ ಗಂಗಾಶ್ರೀ ದೂರನ್ನು ಓದಿ, ಕಲ್ಲು ಎಷ್ಟು ದೊಡ್ಡದೆಂದು ಕೇಳಿದರು. ಮೊಣಕಾಲುದ್ದ, ಅರ್ಧ ನೆಲದೊಳಗೆ ಎಂದು ಇಂಜಿನಿಯರ್ ಕೈಯಲ್ಲೇ ಅಳತೆ ತೋರಿಸಿದರು.

"ಕದ್ದವನ ಸೊಂಟ ಇನ್ನೂ ನೆಟ್ಟಗಿದ್ರೆ ಆಶ್ಚರ್ಯ ಮೇಡಂ" ಎಂದರು ಕೆಂಪಪ್ಪ. "ಮೊದಲು ಸೊರಬದ ಮೂಳೆ ಡಾಕ್ಟರ ಹತ್ರ ವಿಚಾರಿಸೋಣ."

ನೀರಾವರಿ ಕಾಯ್ದೆ ಮತ್ತು ಭಾರತೀಯ ನ್ಯಾಯ ಸಂಹಿತೆಯ ಸಂಬಂಧಪಟ್ಟ ಕಲಂಗಳಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಜೀಪು ಹೊಂಗೆಕೊಪ್ಪಕ್ಕೆ ಹೊರಟಿತು.

ಗಂಗಾಶ್ರೀ ಚಳ್ಳಕೆರೆಯ ಕಡೆಯವರು. ಸೊರಬಕ್ಕೆ ವರ್ಗವಾಗಿ ಬಂದು ಇನ್ನೂ ಒಂದು ಮಳೆಗಾಲವನ್ನೂ ಕಂಡಿರಲಿಲ್ಲ. ಅವರ ಊರಿನಲ್ಲಿ ಕೆರೆಯೆಂದರೆ ಏರಿ ಮತ್ತು ಜಾಲಿ. ಇಲ್ಲಿಯ ಕೆರೆಗೆ ಎರಡು ಮುಖಗಳಿದ್ದವು. ಏರಿಯ ಕಡೆ ಎರಡು ಹಿಟಾಚಿಗಳು ಹೂಳನ್ನು ಬಗೆದು ಟಿಪ್ಪರುಗಳಿಗೆ ಸುರಿಯುತ್ತಿದ್ದವು. ಪೂರ್ವಕ್ಕೆ, ಹಳ್ಳವೊಂದು ಬಂದು ಕೆರೆ ಸೇರುವಲ್ಲಿ, ಹುಲ್ಲು, ಆಪು ಎಂಬ ಜೊಂಡು, ಬಿಳಿ ತಾವರೆಯ ಒಣ ಎಲೆಗಳ ನಡುವೆ ಪಾದ ಮುಳುಗುವಷ್ಟು ನೀರು ನಿಂತ ಜವುಳು ನೆಲ. ಬೇಸಿಗೆಯ ನಡುವೆಯೂ ಅಲ್ಲಿ ಹಸಿರು ಆರಿರಲಿಲ್ಲ.

ಕಲ್ಲುಗಳು ಕಳುವಾಗಿರಲಿಲ್ಲ. ಜವುಳಿನ ಆಚೆಯ ಅಂಚಿನಲ್ಲಿ ಮೂರು ಹಳೆಯ ಕುಳಿಗಳಿದ್ದವು. ಅಲ್ಲಿಂದ ಸುಮಾರು ಅರವತ್ತು ಮೀಟರ್ ಈಚೆಗೆ, ಕೆರೆಯ ಒಳಕ್ಕೆ, ಆಪಿನ ಮರೆಯಲ್ಲಿ ಅವೇ ಮೂರು ಕಲ್ಲುಗಳು ಸಾಲಾಗಿ, ನೆಟ್ಟಗೆ ನಿಂತಿದ್ದವು. ಕದ್ದ ಮಾಲನ್ನು ಇಷ್ಟು ಅಚ್ಚುಕಟ್ಟಾಗಿ ಇಟ್ಟವರನ್ನು ಗಂಗಾಶ್ರೀ ಕಂಡಿರಲಿಲ್ಲ. ಕಲ್ಲು ಸರಿದ ಲೆಕ್ಕದಲ್ಲಿ ಜವುಳಷ್ಟೂ ಅಗೆಯುವ ಗಡಿಯಿಂದ ಹೊರಗುಳಿಯುತ್ತಿತ್ತು.

ಇದರಿಂದ ಯಾರಿಗೆ ಲಾಭವೆಂಬ ಪ್ರಶ್ನೆಗೆ ಉತ್ತರ ಕಣ್ಣೆದುರಿಗೇ ಇತ್ತು. ಜವುಳಿಗೆ ತಾಗಿದ ಗದ್ದೆ ಗುತ್ಯಪ್ಪನದು. ಕೆರೆಯ ಗಡಿ ಹಿಂದೆ ಸರಿದರೆ ಗದ್ದೆಯ ಬದು ಮುಂದೆ ಸರಿಯಬಹುದು. ಈ ತಾಲೂಕಿನಲ್ಲಿ ಕೆರೆಗಳು ಕರಗಿದ್ದು ಹೀಗೆಯೇ.

ಗುತ್ಯಪ್ಪ ಬದುವಿನ ಮೇಲೆಯೇ ಕುಳಿತಿದ್ದ. ಅರವತ್ತು ದಾಟಿದ ಮನುಷ್ಯ. ಪೊಲೀಸರನ್ನು ಕಂಡು ಎದ್ದು ನಿಂತನೇ ಹೊರತು ಹೆದರಲಿಲ್ಲ.

"ಕಲ್ಲು ಸರಿಸಿದ್ದು ಯಾರು?"

"ನಾನಂತೂ ಅಲ್ರಿ."

"ನಿನ್ನ ಗದ್ದೆಗೆ ಲಾಭ ಇದೆ."

"ಇದ್ಯಾ? ನಂಗೆ ಗೊತ್ತೇ ಇರ್ಲಿಲ್ಲ. ಈ ಜವುಳಲ್ಲಿ ಎಮ್ಮೆ ಇಳಿದ್ರೆ ಎತ್ತಾಕೆ ನಾಲ್ಕು ಜನ ಬೇಕು. ಇಲ್ಲಿ ಭತ್ತ ಹಾಕಿದ್ರೆ ಕೊಯ್ಯಾಕೆ ದೋಣಿ ತರ್ಬೇಕಾಗ್ತದೆ ಮೇಡಮ್ಮರೇ."

ಹೂಳು ತೆಗೆಯಬಾರದೆಂದು ಅವನ ತಕರಾರೇನಾದರೂ ಇತ್ತೇ ಎಂದು ಗಂಗಾಶ್ರೀ ಕೇಳಿದರು. ಗುತ್ಯಪ್ಪ ನಕ್ಕ. ಕೆರೆ ತುಂಬಿಸಿಕೊಡಿ ಎಂದು ಅರ್ಜಿ ಬರೆದು ಮೊದಲ ರುಜು ಹಾಕಿದವನೇ ಅವನು. ಬೋರ್‌ವೆಲ್ ಎರಡು ವರ್ಷದಿಂದ ಗಾಳಿ ಉಗುಳುತ್ತಿತ್ತು. ಕೆರೆಯಲ್ಲಿ ನೀರು ನಿಂತರೆ ಎರಡನೇ ಬೆಳೆ ತೆಗೆಯುವವರಲ್ಲಿ ತಾನೇ ಮೊದಲಿಗ ಎಂದ. ಜವುಳನ್ನು ಅಗೆಯುವ ವಿಷಯ ಬಂದಾಗ ಮಾತ್ರ ಅವನ ನಗು ನಿಂತಿತು.

"ಅದು ಹತ್ತುಮೀನಿನ ದಾರಿ" ಎಂದ.

ಗಂಗಾಶ್ರೀಗೆ ತಿಳಿಯಲಿಲ್ಲ. ಕೆಂಪಪ್ಪ ವಿವರಿಸಿದರು. ಮೊದಲ ದೊಡ್ಡ ಮಳೆಗೆ ಹಳ್ಳ ಇಳಿದು ಬಂದಾಗ ಕೆರೆಯ ಮೀನುಗಳು ಆ ನೀರಿಗೆ ಎದುರಾಗಿ ಮೇಲಕ್ಕೆ ಹತ್ತುತ್ತವೆ. ಜವುಳಿನ ಹುಲ್ಲಿನಲ್ಲಿ ಮೊಟ್ಟೆಯಿಟ್ಟು ಹಿಂದಿರುಗುತ್ತವೆ. ಮರಿಗಳು ಬೆಳೆಯುವುದೂ ಅಲ್ಲೇ. ಆ ಇಳಿಜಾರನ್ನು ಕಡಿದು ಗುಂಡಿ ಮಾಡಿದರೆ ಹತ್ತಲು ಮೆಟ್ಟಿಲೇ ಇರುವುದಿಲ್ಲ. ಕುಚ್ಚು, ಅವುಲು, ಹಾವುಮೀನು ಎಂದು ಹೆಸರಿಸುತ್ತ ಹೋದ ಹಾಗೆ ಕೆಂಪಪ್ಪನವರ ವಿವರಣೆಯಲ್ಲಿ ಸಾರಿನ ವಾಸನೆ ಸೇರತೊಡಗಿದ್ದರಿಂದ ಗಂಗಾಶ್ರೀ ಅದನ್ನು ಅಲ್ಲಿಗೇ ನಿಲ್ಲಿಸಿದರು.

ಹಿಟಾಚಿಯ ಚಾಲಕರು ಯಾರನ್ನೂ ಕಂಡಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಏರಿಯ ಮೇಲಿನ ಮರದಡಿ ಹೋಗುತ್ತಿದ್ದರು. ಆಗ ಜವುಳಿನಲ್ಲಿ ಯಾರಿದ್ದರೆಂದು ಕೇಳಿದರೆ, ಯಾರೂ ಇರಲಿಲ್ಲ, ಹೆಂಗಸರು ಸೊಪ್ಪು ಕೊಯ್ಯುತ್ತಿದ್ದರು ಅಷ್ಟೆ ಎಂದರು. ಗಂಗಾಶ್ರೀ ಆ ಮಾತನ್ನು ಹಾಗೆಯೇ ಗುರುತು ಹಾಕಿಕೊಂಡರು.

ಮರುದಿನ, ಮೇ 13ರ ಬೆಳಿಗ್ಗೆ, ಊರಿನ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಕಲ್ಲುಗಳನ್ನು ಜಪ್ತಿ ಮಾಡಲು ಕಿತ್ತಾಗ, ಮೊದಲನೆಯ ಕಲ್ಲಿನ ಕುಳಿಯೊಳಗೆ ಹಸಿರು ಬಟ್ಟೆಯ ಒಂದು ಗಂಟು ಕಂಡಿತು. ಮಾಟವೇನೋ ಎಂದು ಪಂಚರಿಬ್ಬರೂ ಹಿಂದೆ ಸರಿದರು. ಕೆಂಪಪ್ಪ ಕೈಯನ್ನು ಜೇಬಿಗೆ ಹಾಕಿಕೊಂಡರು. ಗಂಗಾಶ್ರೀಯೇ ಬಾಗಿ ಎತ್ತಿ ಬಿಚ್ಚಿದರು.

ಒಳಗೆ ಒಂದು ಹಿಡಿ ಅಕ್ಕಿ, ಕೊಬ್ಬರಿಯ ಬಟ್ಟಲು, ಅರಿಶಿನದ ಕೊಂಬು, ಬಾಡಿದ ವೀಳ್ಯದೆಲೆ, ಇರುವೆ ಹತ್ತಿದ ಬೆಲ್ಲದ ಚೂರು. ಬಟ್ಟೆ ಹೊಸ ರವಿಕೆ ಕಣ. ಉಳಿದೆರಡು ಕಲ್ಲುಗಳ ಕೆಳಗೂ ಅದೇ.

ಅದು ಮಾಟವಲ್ಲ. ತವರಿನಿಂದ ಹೊರಡುವ ಮಗಳಿಗೆ, ತುಂಬಿದ ಬಸುರಿಗೆ, ಸೆರಗೊಡ್ಡಿಸಿ ತುಂಬುವ ಮಡಿಲಕ್ಕಿ. ಗಂಗಾಶ್ರೀ ಆ ಗಂಟನ್ನು ಮೊದಲಿದ್ದಂತೆಯೇ ಕಟ್ಟಿದರು.

ಬದುವಿನ ಮೇಲಿಂದ ಗುತ್ಯಪ್ಪ ಹೇಳಿದ: "ಗಡಿ ಒತ್ತೋನು ಕಲ್ಲಿಗೆ ಕಣ ಕೊಡ್ತಾನಾ ಮೇಡಮ್ಮರೇ? ಬೈಗುಳ ಕೊಡ್ತಾನೆ."

ಅವನು ಯಾರನ್ನೋ ಕಂಡಿದ್ದಾನೆ, ಹೇಳಲಾರ ಎಂದು ಗಂಗಾಶ್ರೀಗೆ ಅನ್ನಿಸಿತು. ಒತ್ತಾಯಿಸಲಿಲ್ಲ. ಒಂದು ಕಣದ ಅಂಚಿನಲ್ಲಿ ನೀಲಿ ಮುದ್ರೆಯಿತ್ತು: ಶಿಕಾರಿಪುರದ ಒಂದು ಬಟ್ಟೆ ಅಂಗಡಿಯದು.

ಮೇ 15, ಗುರುವಾರ, ಶಿಕಾರಿಪುರ. ಅಂಗಡಿಯ ಮಾಲೀಕ ಮಲ್ಲಿಕಾರ್ಜುನ್ ಕಣವನ್ನು ಬೆಳಕಿಗೆ ಹಿಡಿದು ನೋಡಿ, ಮೊದಲು ವ್ಯಾಪಾರವನ್ನೇ ಮಾತಾಡಿದರು.

"ಇದೇ ಬೇಕಾಗಿತ್ತೇನ್ರೀ? ಇದು ಬರಲ್ಲ ಈಗ. ಇದರಪ್ಪನಂಥದ್ದು ಕೊಡ್ತೀನಿ."

"ಇದು ಯಾರಿಗೆ ಹೋಯಿತು?"

ಎರಡು ಎಳೆ ಜರಿಯ ಆ ಅಂಚಿನ ಹಸಿರು ಬಟ್ಟೆ ಒಂದೇ ತಾನು, ಒಂದೇ ಸುರುಳಿ, ಬಂದಿತ್ತು. ಸೀಮಂತದ ಬಾಗಿನಕ್ಕೆಂದು ಇಡೀ ತಾನನ್ನು ಒಂದೇ ಮನೆಯವರು ಒಯ್ದಿದ್ದರು. ಗುತ್ತಿಗೆದಾರ ಮಹಾಂತೇಶರ ಮನೆ. ಅವರ ತಾಯಿ ಸರ್ವಮಂಗಳಮ್ಮನವರೇ ಬಂದು ಆರಿಸಿದ್ದು. ಕಣ ತುಸು ಉದ್ದವಾಗಿಯೇ ಬೇಕು, ಮನೆಯಲ್ಲೇ ಕತ್ತರಿಸಿಕೊಳ್ಳುತ್ತೇವೆಂದು ಹೇಳಿ, ತಾನನ್ನು ಹಾಗೇ ಕೊಂಡುಹೋಗಿದ್ದರು.

ಅಂಗಡಿಯ ಮೆಟ್ಟಿಲಿಳಿಯುವಾಗ ಕೆಂಪಪ್ಪ ಮೆಲ್ಲನೆ ಹೇಳಿದರು: "ಮೇಡಂ, ಹೊಂಗೆಕೊಪ್ಪದ ಕೆರೆ ಕಾಂಟ್ರ್ಯಾಕ್ಟ್ ಆ ಮಹಾಂತೇಶಂದೇ."

ಗಂಗಾಶ್ರೀಗೂ ಅದು ಗೊತ್ತಿತ್ತು.

ಮನೆಯಲ್ಲಿ ಸೀಮಂತದ ಸಿದ್ಧತೆ ನಡೆದಿತ್ತು, ಭಾನುವಾರಕ್ಕೆ ಮುಹೂರ್ತ. ಮಹಾಂತೇಶನ ಹೆಂಡತಿ ರಕ್ಷಿತಾ, ಏಳು ತಿಂಗಳ ಗರ್ಭಿಣಿ, ಪಡಸಾಲೆಯ ಕುರ್ಚಿಯಲ್ಲಿ ಕುಳಿತು ಎಲೆಯಡಿಕೆ ಕಟ್ಟುತ್ತಿದ್ದಳು. ಮಹಾಂತೇಶ ಪೊಲೀಸರನ್ನು ಕಂಡು ನಿರಾಳನಾದ. ಕಲ್ಲು ಕದ್ದವನು ಸಿಕ್ಕನೆಂದೇ ಭಾವಿಸಿದ್ದ. ಗಡುವು ತಪ್ಪಿದರೆ ಏತದ ನೀರು ಬೇರೆ ಕೆರೆಗೆ ಹೋಗುತ್ತದೆ, ಊರಿನವರು ತನ್ನನ್ನೇ ಬೈಯುತ್ತಾರೆ ಎಂದು ಹೇಳಿಕೊಂಡ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹೊಂಗೆಕೊಪ್ಪ ಅವನ ತಾಯಿಯ ತವರು. ಆ ಊರಿಗೆ ನೀರು ನಿಲ್ಲಿಸಿಕೊಟ್ಟೆನೆಂಬ ಹೆಮ್ಮೆ ಅವನಿಗೆ ಬೇಕಿತ್ತು.

ಜವುಳನ್ನು ಬಿಡಬೇಕೆಂದು ಯಾರಾದರೂ ಕೇಳಿದ್ದರೇ ಎಂದು ಗಂಗಾಶ್ರೀ ವಿಚಾರಿಸಿದರು.

"ಅವ್ವ ಕೇಳಿದ್ರು" ಎಂದ ಮಹಾಂತೇಶ. "ಎಸ್ಟಿಮೇಟ್‌ನಾಗೆ ಐತಲ್ಲವ್ವಾ ಅಂದೆ. ಮೀನು ತಿನ್ನದವರಿಗೆ ಮೀನಿನ ಚಿಂತೆ ಯಾಕೆ ಅಂತ ನಕ್ಕುಬಿಟ್ಟೆ."

ಗಂಗಾಶ್ರೀ ಹಸಿರು ಕಣವನ್ನು ಮೇಜಿನ ಮೇಲಿಟ್ಟರು. ಎಲ್ಲಿ ಸಿಕ್ಕಿತೆಂದು ಹೇಳಿದರು. ಮಹಾಂತೇಶ ಕಣವನ್ನು ನೋಡಿದ, ಒಳಮನೆಯಲ್ಲಿ ಪೇರಿಸಿಟ್ಟ ಅದೇ ಹಸಿರನ್ನು ನೋಡಿದ.

"ಕಂಪ್ಲೇಂಟ್ ವಾಪಸ್ ತಗೊಳ್ಳಾಕೆ ಆಗ್ತದೇನ್ರೀ?"

"ಕೊಟ್ಟವರು ನೀವಲ್ಲ. ತಾಯಿ ಎಲ್ಲಿದ್ದಾರೆ?"

ತವರಿನ ದೇವರಿಗೆ ಹಣ್ಣುಕಾಯಿ ಮಾಡಿಸಲು ಹೊಂಗೆಕೊಪ್ಪಕ್ಕೆ ಹೋದವರು ಅಣ್ಣನ ಮನೆಯಲ್ಲೇ ಉಳಿದಿದ್ದರು. ಕಣಗಳಲ್ಲಿ ಎಷ್ಟು ಕಡಿಮೆಯಾಗಿವೆ ಎಂದು ಗಂಗಾಶ್ರೀ ರಕ್ಷಿತಾಳನ್ನು ಕೇಳಿದರು. ಅವಳು ಅಡಿಕೆಯ ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ಎಣಿಸಿಲ್ಲ ಮೇಡಂ" ಎಂದಳು.

ಮೇ 16, ಶುಕ್ರವಾರ. ಬೆಳಿಗ್ಗೆ ಒಂಬತ್ತಕ್ಕೆ ಗಂಗಾಶ್ರೀ ಹೊಂಗೆಕೊಪ್ಪದ ಆ ಅಣ್ಣನ ಮನೆಯ ಜಗಲಿ ಹತ್ತಿದಾಗ ಸರ್ವಮಂಗಳಮ್ಮ ಹಳೆಯ ಸೀರೆಗಳನ್ನು ಸೇರಿಸಿ ಕೂಸಿನ ಕೌದಿ ಹೊಲಿಯುತ್ತಿದ್ದರು. ಹಣೆಯಲ್ಲಿ ವಿಭೂತಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಪಕ್ಕದಲ್ಲಿ ಅದೇ ವಯಸ್ಸಿನ ಮೂಕಮ್ಮ ಸೊಪ್ಪು ಬಿಡಿಸುತ್ತಿದ್ದಳು. ಆ ಮನೆಯ ಗದ್ದೆಯಲ್ಲಿ ನಾಟಿ ಮಾಡುತ್ತ ಬೆಳೆದವಳು. ಸರ್ವಮಂಗಳಮ್ಮನ ಬಾಲ್ಯದ ಗೆಳತಿ.

"ಕೆರೆಯ ಕಲ್ಲು ಕಿತ್ತಿದ್ದು ಯಾರು?"

"ನಾನೇ ಕಿತ್ತೆ. ನಾನೇ ನೆಟ್ಟೆ." ಸರ್ವಮಂಗಳಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

"ಒಬ್ಬರೇ?"

"ಹಾರೆ ಇತ್ತಲ್ಲ."

"ಹಾರೆ ತಾನಾಗೇ ನಡ್ಕಂಡು ಬಂತಾ?" ಎಂದಳು ಮೂಕಮ್ಮ, ಸೊಪ್ಪಿನಿಂದ ತಲೆಯೆತ್ತದೆ. "ನಂದೂ ಹೆಸ್ರು ಬರ್ಕಳಿ ಅಮ್ಮಾ. ಇವ್ರಿಗೆ ಹಾರೆ ಯಾವ ತುದಿ ಹಿಡೀಬೇಕು ಅಂತ್ಲೂ ಗೊತ್ತಿಲ್ಲ."

"ನೀ ಸುಮ್ನಿರೇ."

"ಅರವತ್ತು ವರ್ಷ ಸುಮ್ನಿದ್ದೆ. ಎಂತ ಸಿಕ್ತು?"

ಕೆಂಪಪ್ಪ ಕೆಮ್ಮಿನ ನೆಪದಲ್ಲಿ ಅಂಗಳಕ್ಕಿಳಿದರು. ಗಂಗಾಶ್ರೀ ಜಗಲಿಯ ಮೇಲೆಯೇ ಕುಳಿತು, ಏಕೆ ಎಂದು ಕೇಳಿದರು.

ಸರ್ವಮಂಗಳಮ್ಮ ಮೊದಲು ಒಳಗೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದರು. ಆಮೇಲೆ ಹೇಳಿದರು.

"ಈ ಊರಾಗೆ ಒಂದು ನಡವಳಿ ಐತಿ. ಮನೇಲಿ ಬಸುರಿ ಇದ್ರೆ ಆ ವರ್ಷ ಆ ಮನೆ ಗಂಡಸ್ರು ಹತ್ತುಮೀನಿಗೆ ಕೈ ಹಾಕಲ್ಲ. ಹತ್ತಿ ಬರೋವೆಲ್ಲ ಹೊಟ್ಟೆ ತುಂಬ ಮೊಟ್ಟೆ ಇಟ್ಕೊಂಡಿರ್ತಾವೆ. ನಾವು ಮೀನು ಮುಟ್ಟೋರಲ್ಲ, ಆ ನಡವಳಿ ನಮಗೆ ಯಾವತ್ತೂ ಬೇಕಾಗ್ಲಿಲ್ಲ. ಈಗ ಬೇಕಾತು. ಒಂದು ದಿನಾನೂ ಗಾಳ ಹಿಡೀದ ನನ್ನ ಮಗ ಒಂದೇ ಸಲಕ್ಕೆ ಬಾಣಂತಿ ಕೋಣೆನೇ ಅಗೆಯಾಕೆ ಹೊಂಟಿದ್ದ."

"ಅವರಿಗೆ ಬಿಡಿಸಿ ಹೇಳಬಹುದಿತ್ತು."

"ಹೇಳಿದ್ರೆ ಅವನ ಬಾಯಾಗೆ ನಿಲ್ಲಲ್ಲ, ಹೆಂಡ್ತಿ ಕಿವಿಗೆ ಹೋಗ್ತದೆ. ಆ ಹುಡುಗಿ ಎರಡು ಸಲ ಆಸ್ಪತ್ರೆಯಿಂದ ಬರೀ ಮಡಿಲಾಗೆ ಬಂದಾಳೆ. ಮೂರನೇದು ಇದು. ಗಂಡ ಹಿಂಗೆ ಮಾಡ್ಬಾರದಂತೆ ಅಂತ ಒಂದು ಮಾತು ಅವಳ ಮನಸ್ಸಿಗೆ ಹೊಕ್ಕರೆ ಮುಗೀತು. ನಿದ್ದೆ ಮಾಡಲ್ಲ, ಉಣ್ಣಲ್ಲ. ಅದಕ್ಕಿಂತ ನಾನು ಕಳ್ಳಿ ಆಗೋದು ವಾಸಿ ಅನ್ನಿಸ್ತು."

"ಕಲ್ಲಿನ ಕೆಳಗೆ ಮಡಿಲಕ್ಕಿ ಯಾಕೆ?"

ಸರ್ವಮಂಗಳಮ್ಮನ ಮುಖದಲ್ಲಿ ಮೊದಲ ಬಾರಿಗೆ ನಾಚಿಕೆ ಕಂಡಿತು. "ಕಿತ್ತ ಕಲ್ಲನ್ನ ಬರೀ ಮಣ್ಣಾಗೆ ಕೂರಿಸ್ಬಾರ್ದು ಅನ್ನಿಸ್ತು. ಸೊಸೆಗೆ ತುಂಬೋಕೆ ಮುಂಚೆ ಕೆರೆಗೆ ತುಂಬಿದೆ. ಅದೂ ಬಸುರಿನೇ ಅಲ್ವಾ?"

ಮಡಿಲು ತುಂಬದಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ ಎಂದು ಗಂಗಾಶ್ರೀ ಹೇಳಲಿಲ್ಲ. ಅದನ್ನು ಮೂಕಮ್ಮ ಹೇಳಿದಳು: "ನಾ ಹೇಳಿದ್ದೆ, ಹಳೇ ಬಟ್ಟೆ ಸಾಕು ಅಂತ. ಇವ್ರಿಗೆ ಜರಿ ಅಂಚೇ ಬೇಕಿತ್ತು."

ಬಂಧನದ ಕಾರಣಗಳನ್ನು ಓದಿ ಹೇಳಲಾಯಿತು. ಇಬ್ಬರೂ ಕೇಳಿಸಿಕೊಂಡರು. ಜೀಪು ಹತ್ತುವ ಮೊದಲು ಸರ್ವಮಂಗಳಮ್ಮ ಗಂಗಾಶ್ರೀಯ ಕೈ ಹಿಡಿದು ಒಂದೇ ಒಂದು ಬೇಡಿಕೆ ಇಟ್ಟರು: ಏಕೆಂಬುದನ್ನು ಕಾಗದದಲ್ಲಿ ಬರೆಯಬಾರದು. ನಾಳೆ ಕೋರ್ಟಿನಲ್ಲಿ ಓದುತ್ತಾರೆ, ಪೇಪರಿನವರು ಬರೆಯುತ್ತಾರೆ, ಸೊಸೆ ಕೇಳುತ್ತಾಳೆ. ಮಗನಿಗೆ, ತವರಿನ ಜವುಳಿನ ಮೇಲೆ ತನಗಿದ್ದ ಮೋಹದಿಂದ ಎಂದಷ್ಟೇ ಹೇಳಿದರಾಯಿತು. ಗಂಗಾಶ್ರೀ ಮಾತು ಕೊಡಲಿಲ್ಲ. ಕೈಯನ್ನು ಬಿಡಿಸಿಕೊಳ್ಳಲೂ ಇಲ್ಲ.

ಜಾಮೀನು ಸಿಗುವ ಅಪರಾಧವಾದ್ದರಿಂದ ಬಿಡುಗಡೆಯ ಕೆಲಸ ಅಂದೇ ಮಧ್ಯಾಹ್ನ ಠಾಣೆಯಲ್ಲೇ ಮುಗಿಯುವುದರಲ್ಲಿತ್ತು. ಮಹಾಂತೇಶ ಶಿಕಾರಿಪುರದಿಂದ ಕಾರಿನಲ್ಲಿ ಬಂದ. ತಾಯಿಗೂ ಮೂಕಮ್ಮನಿಗೂ ತಾನೇ ಜಾಮೀನು ನಿಂತ. ಒಳಗಿನ ಕೋಣೆಯಲ್ಲಿ ಅವನು ತಾಯಿಯ ಎದುರು ಕುಳಿತಿದ್ದ. ಬೈಯಲಿಲ್ಲ, ಊಟ ಆಯ್ತೇನವ್ವಾ ಎಂದು ಮಾತ್ರ ಎರಡು ಸಲ ಕೇಳಿದ.

ರಕ್ಷಿತಾ ಕಾರಿನಲ್ಲೇ ಇರಬೇಕೆಂದು ಹೇಳಿದ್ದರೂ ಇಳಿದು ಬಂದಿದ್ದಳು. ಗಂಗಾಶ್ರೀ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟರು. ಅವಳು ಸೆರಗಿನಿಂದ ಮುಖದ ಬೆವರೊರೆಸಿಕೊಂಡು, ಒಳಕೋಣೆಯ ಬಾಗಿಲನ್ನು ನೋಡುತ್ತ, ದನಿ ತಗ್ಗಿಸಿ ಕೇಳಿದಳು.

"ಯಾಕೆ ಮಾಡಿದ್ರು ಅಂತ ಅತ್ತೆ ಹೇಳಿದ್ರಾ?"

"ತನಿಖೆಯ ವಿಷಯ ಹೊರಗೆ ಹೇಳುವಂತಿಲ್ಲ."

"ಹೇಳ್ಬೇಡಿ ಮೇಡಂ. ನಂಗೊತ್ತು. ಹತ್ತುಮೀನಿನ ನಡವಳಿ ಮೂಕಮ್ಮಜ್ಜಿ ನಂಗೆ ಮದುವೆ ಆದ ವರ್ಷಾನೇ ಹೇಳಿದ್ರು. ಆ ಮೂರು ಕಣ ಕತ್ತರಿಸಿ ಕೊಟ್ಟಿದ್ದು ನಾನು. ಯಾತಕ್ಕೆ ಅಂತ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಕೊಬ್ಬರಿ ಸಣ್ಣದು ಇತ್ತು, ದೊಡ್ಡದು ಹಾಕಿ ಅಂತ ಕೊಟ್ಟೆ."

"ನಿಮಗೆ ಭಯ ಆಗಲಿಲ್ಲವೇ?"

"ಆಗಿತ್ತು. ಅವರು ತವರಿಗೆ ಹೋಗಿ ಬಿಸಿಲಾಗೆ ಹಾರೆ ಹಿಡಿದ್ರಲ್ಲ, ಆವತ್ತಿಂದ ನಿದ್ದೆ ಬರ್ತಿದೆ." ಅವಳು ಗಂಗಾಶ್ರೀಯ ಕಡೆ ತಿರುಗಿದಳು. "ನಂಗೆ ಗೊತ್ತು ಅಂತ ಅವರಿಗೆ ಗೊತ್ತಾಗ್ಬಾರ್ದು. ನಾನು ಹೆದರಿದೀನಿ ಅಂದ್ಕೊಂಡು ಅವರ ನಿದ್ದೆ ಹೋಗ್ತದೆ."

ಬಾಗಿಲು ತೆರೆಯಿತು. ಸರ್ವಮಂಗಳಮ್ಮ ಹೊರಗೆ ಬಂದು, ಸೊಸೆಯನ್ನು ಕಂಡು ಗಾಬರಿಯಾದರು. ಈ ಬಿಸಿಲಲ್ಲಿ ಯಾಕೆ ಬಂದೆ ಎಂದು ಗದರಿದರು. ಮನೆಯಲ್ಲಿ ಬೇಸರವಾಯಿತು ಅತ್ತೆ ಎಂದಳು ರಕ್ಷಿತಾ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಮೆಟ್ಟಿಲಿಳಿದರು. ಯಾರು ಯಾರನ್ನು ಇಳಿಸುತ್ತಿದ್ದಾರೆಂದು ಹೇಳುವುದು ಕಷ್ಟವಾಗಿತ್ತು. ಹಿಂದೆ ಮೂಕಮ್ಮ, ಕಾರಿನ ಮುಂದಿನ ಸೀಟು ತನಗೇ ಬೇಕೆನ್ನುತ್ತ ನಡೆದಳು.

ಗಡಿಕಲ್ಲುಗಳು ಸಾಕ್ಷ್ಯವಾಗಿ ಠಾಣೆಯಲ್ಲಿ ಉಳಿದವು. ಮರುಸರ್ವೆಯಾಗದೆ ಆ ಬದಿಯಲ್ಲಿ ಅಗೆಯುವಂತಿರಲಿಲ್ಲ. ಸರ್ವೆಯವರು ಕೊಟ್ಟ ದಿನಾಂಕ ಜೂನ್ ತಿಂಗಳಿನದು. ಅಷ್ಟರಲ್ಲಿ ತೀರ್ಥೇಶ್ ಜವುಳನ್ನು ಮತ್ತೊಮ್ಮೆ ನೋಡಿ ಬಂದಿದ್ದರು. ಅಷ್ಟು ನೆಲವನ್ನು ಬಿಟ್ಟರೂ ಏರಿಯ ಕಡೆ ಆಳ ಮಾಡಿದ್ದರಿಂದ ಊರಿನ ಎರಡನೇ ಬೆಳೆಗೆ ನೀರು ಸಾಲುತ್ತದೆ ಎಂದು ಪರಿಷ್ಕೃತ ಅಂದಾಜಿನಲ್ಲಿ ಬರೆದು ಮೇಲಿನವರಿಗೆ ಕಳಿಸಿದರು. ಅದರ ಉತ್ತರ ಬರುವ ಮೊದಲೇ ಮಳೆ ಬಂತು.

ಈ ವರ್ಷ ಅದು ಬೇಗನೇ ಬಂತು, ಮೇ 24ರ ಶನಿವಾರ. ಸ್ಥಳ ಪರಿಶೀಲನೆಯ ಹೆಸರಿನಲ್ಲಿ ಹೊಂಗೆಕೊಪ್ಪಕ್ಕೆ ಹೋದ ಕೆಂಪಪ್ಪ ಮೊಣಕಾಲವರೆಗೆ ಕೆಸರಾಗಿ, ಬರಿಗೈಯಲ್ಲಿ ಹಿಂದಿರುಗಿದರು. ಹಳ್ಳದ ಕೆಂಪು ನೀರಿಗೆ ಎದುರಾಗಿ, ಹುಲ್ಲಿನ ಮೇಲೆ ಹೊಟ್ಟೆ ಎಳೆಯುತ್ತ ಮೀನು ಹತ್ತುತ್ತಿವೆ, ಊರಿನವರೆಲ್ಲ ಬದುವಿನ ಮೇಲೆ ನಿಂತು ನೋಡುತ್ತಿದ್ದಾರೆ, ಯಾರೂ ಇಳಿದಿಲ್ಲ ಎಂದರು. ಗುತ್ಯಪ್ಪ ಕೊಡೆ ಹಿಡಿದು ಕಾವಲು ನಿಂತಿದ್ದನಂತೆ. ನೀವೇಕೆ ತರಲಿಲ್ಲವೆಂದು ಗಂಗಾಶ್ರೀ ಕೇಳಿದ್ದಕ್ಕೆ, ಕೇಸು ಇನ್ನೂ ತನಿಖೆಯಲ್ಲಿದೆಯಲ್ಲ ಮೇಡಂ ಎಂದರು.

ಜೂನ್ ಎರಡನೇ ವಾರ ದೋಷಾರೋಪಣ ಪಟ್ಟಿ ಸಿದ್ಧವಾಯಿತು. ಆರೋಪಿಗಳು ಇಬ್ಬರು, ತಪ್ಪೊಪ್ಪಿಗೆ ಸ್ವಇಚ್ಛೆಯದು, ಮಾಲು ಪೂರ್ತಿ ವಶ. ಕೃತ್ಯದ ಉದ್ದೇಶವನ್ನು ಬರೆಯುವ ಜಾಗದಲ್ಲಿ ಗಂಗಾಶ್ರೀ ಹೀಗೆ ಬರೆದರು: "ಆರೋಪಿತರು ಸದರಿ ಜಾಗದಲ್ಲಿ ಬಾಲ್ಯದಿಂದ ಓಡಾಡಿದವರಾಗಿದ್ದು, ಅದು ಹಾಗೆಯೇ ಉಳಿಯಲೆಂದು ಕೃತ್ಯ ಎಸಗಿರುತ್ತಾರೆ. ಇದರ ಹೊರತು ಬೇರೆ ಕಾರಣ ತನಿಖೆಯಿಂದ ಕಂಡುಬಂದಿರುವುದಿಲ್ಲ."